ಅಪಹರಣವೂ ಅನುರಾಗವೂ: ಗ್ರೀಕ್ ಪುರಾಣಸ್ತ್ರೀಯರ ಹೊಸ ಕಥನಗಳನ್ನು ಓದುತ್ತ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಚಾಳುಕ್ಯರ ಕಾಲದ ಒಂದು ಶಿವಾಲಯವಿದೆ. ಅದರ ಹೊರಭಿತ್ತಿಯ ಮೇಲೆ ನಿಂತಿರುವ ಮದನಿಕೆಯರ ನಡುವೆ ಒಬ್ಬಳು ನಮ್ಮತ್ತ ಬೆನ್ನು ತಿರುಗಿಸಿ ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ನೋಡಲು ಬಂದವರೆಲ್ಲರೂ ಆಕೆಯ ಮೈಬಳುಕನ್ನು ಮೆಚ್ಚುತ್ತಾರೆ. ಆಕೆ ಏನನ್ನು ಬರೆಯುತ್ತಿದ್ದಾಳೆಂದು ಕೇಳುವವರು ವಿರಳ. ಅಲ್ಲಿರುವುದು ಸಂಸ್ಕೃತದ ಒಂದು ಪ್ರಶಸ್ತಿ. ಚಾಳುಕ್ಯ ವಿಕ್ರಮಾದಿತ್ಯನು ಭೂಮಂಡಲವನ್ನೆಲ್ಲ ತನ್ನದಾಗಿಸಿಕೊಳ್ಳುವನೆಂಬುದು ಅದರ ತಾತ್ಪರ್ಯ. ಲೇಖನಿ ಹಿಡಿದ ಕೈ ಹೆಣ್ಣಿನದು, ನುಡಿ ಅರಸನದು. ಕಳೆದ ಬೇಸಗೆಯಲ್ಲಿ ಕೆಲವು ಆಂಗ್ಲ ಕಾದಂಬರಿಗಳನ್ನು ಓದುತ್ತಿದ್ದಾಗ ಈ ಶಿಲಾಲೇಖಕಿ ನನಗೆ ಮತ್ತೆ ಮತ್ತೆ ನೆನಪಾದಳು.

ಆ ಪುಸ್ತಕಗಳನ್ನು ನನಗೆ ಕೊಟ್ಟವಳು ಹುಮನಾಬಾದಿನಲ್ಲಿರುವ ನನ್ನ ತಂಗಿಯ ಮಗಳು, ಪದವಿ ತರಗತಿಯ ವಿದ್ಯಾರ್ಥಿನಿ. ಪ್ರಾಚೀನ ಗ್ರೀಕರ ಪುರಾಣಕಥೆಗಳನ್ನು ಅವುಗಳಲ್ಲಿ ಬರುವ ಸ್ತ್ರೀಯರ ಬಾಯಿಂದ, ಬಹುಮಟ್ಟಿಗೆ ಪ್ರೇಮಕಥೆಗಳ ರೂಪದಲ್ಲಿ, ಮತ್ತೆ ಹೇಳಿಸುವ ಬರವಣಿಗೆ ಕಳೆದ ಎರಡು ದಶಕಗಳಲ್ಲಿ ಆಂಗ್ಲದಲ್ಲಿ ಹೇರಳವಾಗಿ ಬೆಳೆದಿದೆ. ನಮ್ಮ ಊರುಗಳ ಹೆಣ್ಣುಮಕ್ಕಳೂ ಅವನ್ನು ತರಿಸಿಕೊಂಡು ಓದುತ್ತಿದ್ದಾರೆ. “ಮಾಮಾ, ನೀವು ಓದದೇನೆ ಬೈಬ್ಯಾಡ್ರಿ” ಎಂದು ಆಕೆ ಹೇಳಿದ್ದರಿಂದ ಓದಿದೆ. ಬಯ್ಯುವ ಉತ್ಸಾಹ ಓದುತ್ತ ಹೋದಂತೆ ಕುಗ್ಗಿತು. ಆದರೆ ಒಂದು ಕಥೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತೀವ್ರವಾದ ವಾದವಾಯಿತು. ಈ ಲೇಖನಕ್ಕೆ ಆ ವಾದವೇ ಮೂಲ.

ಅದು ಪರ್ಸಿಫೊನೆಯ ಕಥೆ. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಡಿಮೀಟರ್ ದೇವಿಯ ಸ್ತೋತ್ರದಲ್ಲಿ ಅದು ವಿಸ್ತಾರವಾಗಿ ಬರುತ್ತದೆ. ಗೆಳತಿಯರೊಡನೆ ಹೂ ಕೊಯ್ಯುತ್ತಿದ್ದ ಕನ್ಯೆ ಒಂದು ಅಪೂರ್ವವಾದ ಹೂವಿಗೆ ಕೈ ಚಾಚುತ್ತಾಳೆ, ನೆಲ ಬಿರಿಯುತ್ತದೆ, ಪಾತಾಳದ ಒಡೆಯನಾದ ಹೇಡಿಸ್ ರಥವೇರಿ ಬಂದು ಆಕೆಯನ್ನು ಹೊತ್ತೊಯ್ಯುತ್ತಾನೆ. ಆಕೆ ಚೀರುತ್ತಾಳೆ. ಆ ಚೀತ್ಕಾರವನ್ನು ಹೆಕಟಿ ಕೇಳುತ್ತಾಳೆ, ಸೂರ್ಯ ಕಾಣುತ್ತಾನೆ. ತಂದೆ ಜ್ಯೂಸ್ ಮೊದಲೇ ಒಪ್ಪಿಗೆ ಕೊಟ್ಟಿದ್ದಾನೆ. ತಾಯಿ ಡಿಮೀಟರ್ ಅನ್ನಾಹಾರಗಳನ್ನು ತೊರೆದು ಮಗಳನ್ನು ಅರಸುತ್ತಾಳೆ, ಕೊನೆಗೆ ಬಿತ್ತಿದ ಬೀಜ ಮೊಳೆಯದಂತೆ ಮಾಡುತ್ತಾಳೆ. ಮಗಳು ಹಿಂದಿರುಗುತ್ತಾಳೆ, ಆದರೆ ಅಲ್ಲಿ ದಾಳಿಂಬೆಯ ಕಾಳನ್ನು ತಿಂದದ್ದರಿಂದ ವರ್ಷದ ಮೂರನೆಯ ಒಂದು ಪಾಲನ್ನು ಪಾತಾಳದಲ್ಲಿಯೇ ಕಳೆಯಬೇಕಾಗುತ್ತದೆ. ಆ ಕಾಳನ್ನು ಆತ ಬಲವಂತದಿಂದ ತಿನ್ನಿಸಿದನೆಂದು ಆಕೆಯೇ ತಾಯಿಗೆ ಹೇಳುತ್ತಾಳೆ. ಸುಮಾರು ಎರಡು ಸಾವಿರದ ಆರುನೂರು ವರ್ಷಗಳಷ್ಟು ಹಳೆಯದಾದ ಕೃತಿಯಲ್ಲಿ ಇಷ್ಟನ್ನು ಹೇಳಲು ಆ ಹೆಣ್ಣಿಗೆ ಬಾಯಿ ಇದೆ ಎಂಬುದನ್ನು ಗಮನಿಸಬೇಕು.

ಈಗಿನ ಪ್ರೇಮಕಥನಗಳಲ್ಲಿ ಈ ಕಥೆ ಬೇರೊಂದು ಬಗೆಯಾಗಿ ನಡೆಯುತ್ತದೆ. ನ್ಯೂಜಿಲೆಂಡಿನ ರೇಚಲ್ ಸ್ಮೈತ್ 2018ರಿಂದ 2024ರವರೆಗೆ ಧಾರಾವಾಹಿಯಾಗಿ ಪ್ರಕಟಿಸಿದ ‘ಲೋರ್ ಒಲಿಂಪಸ್’ ಎಂಬ ಚಿತ್ರಕಥೆ ಇವುಗಳಲ್ಲಿ ಬಹಳ ಪ್ರಸಿದ್ಧ. ಅದರ ಮಾದರಿಯ ಕಾದಂಬರಿಗಳೂ ಅನೇಕ ಬಂದಿವೆ. ಇವುಗಳಲ್ಲಿ ಹೇಡಿಸ್ ಒಂಟಿತನದಿಂದ ನೊಂದ, ಸಂಕೋಚದ, ಮೃದುಹೃದಯದ ಪುರುಷ. ಪರ್ಸಿಫೊನೆ ತಾಯಿಯ ಕಟ್ಟುನಿಟ್ಟಿನಿಂದ ಬೇಸತ್ತವಳು. ಅನೇಕ ಕಥನಗಳಲ್ಲಿ ಅಪಹರಣವೇ ಇಲ್ಲ. ಆಕೆ ತಾನಾಗಿ ಹೋಗುತ್ತಾಳೆ, ದಾಳಿಂಬೆಯನ್ನು ತಿಳಿದೇ ತಿನ್ನುತ್ತಾಳೆ. ಮಗಳಿಗಾಗಿ ಲೋಕವನ್ನೇ ಬರಡಾಗಿಸಿದ ತಾಯಿ ಪ್ರೇಮಕ್ಕೆ ಅಡ್ಡಬರುವ ಮುದುಕಿಯಾಗುತ್ತಾಳೆ.

“ಹಳೇ ಕಥಿಯೊಳಗ ಆಕಿನ್ನ ಎತ್ತಿಕೊಂಡು ಹೋಗ್ತಾರ, ಇಲ್ಲಿ ಆಕಿನೇ ಹೋಗ್ತಾಳ. ಆಯ್ಕೆ ಕೊಟ್ಟಿದ್ದು ತಪ್ಪೇನ್ರಿ?” ಎಂಬುದು ನನ್ನ ಸೊಸೆಯ ಪ್ರಶ್ನೆ. ಇದು ತಳ್ಳಿಹಾಕುವಂಥದಲ್ಲ. ಎರಡೂವರೆ ಸಾವಿರ ವರ್ಷ ವಸ್ತುವಾಗಿದ್ದವಳನ್ನು ಕರ್ತೃವಾಗಿಸುವ ಆಸೆ ಯಾವ ಸಹೃದಯನಿಗೂ ಅರ್ಥವಾಗುವಂಥದು. ಆದರೂ ನನಗೆ ಸಮಾಧಾನವಾಗಲಿಲ್ಲ. ಅಸಮಾಧಾನದ ಕಾರಣವನ್ನು ಹುಡುಕುತ್ತ ಹೊರಟಾಗ ನನಗೆ ನೆರವಾದದ್ದು ನಮ್ಮದೇ ಒಂದು ಹಳೆಯ ಕಾವ್ಯ.

ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ವಾಚಕರು ಬಲ್ಲರು. ಸುಮಾರು 1100ರಲ್ಲಿ, ಕಲ್ಯಾಣದ ಚಾಳುಕ್ಯರ ಆಳ್ವಿಕೆಯ ಕಾಲದಲ್ಲಿ, ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದ ಕವಿ ಇವನು. ಇವನ ರಾವಣ ದುಷ್ಟನಲ್ಲ. ವ್ರತಸ್ಥ, ವಿದ್ಯಾವಂತ, ಒಂದು ದುರ್ಬಲ ಕ್ಷಣದಲ್ಲಿ ಜಾರಿದ ಮಹಾಪುರುಷ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಆತ ಹಿಡಿದಿದ್ದಾನೆ. ಆ ವ್ರತ ಸೀತೆಯನ್ನು ಹೊತ್ತೊಯ್ಯುವುದರಿಂದ ಅವನನ್ನು ತಡೆಯಲಿಲ್ಲ; ಮುಟ್ಟದೆ ಇಟ್ಟುಕೊಂಡರೆ ವ್ರತಭಂಗವಿಲ್ಲವೆಂದು ಅವನ ಮನಸ್ಸು ಲೆಕ್ಕ ಹಾಕಿತು. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಜೀವವನ್ನು ಕಳೆದುಕೊಳ್ಳುವ ಈ ಮನಸ್ಸನ್ನು ನಾಗಚಂದ್ರ ಕಂಡಷ್ಟು ಸೂಕ್ಷ್ಮವಾಗಿ ಕಂಡ ಕವಿಗಳು ಕಡಮೆ. ಮುಂದೆ, ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಸೀತೆಯ ಬಳಿಗೆ ಬಂದು ಬೆದರಿಸಿದಾಗ ಆಕೆ ಮೂರ್ಛೆ ಹೋಗುತ್ತಾಳೆ. ಆಗ ಅವನ ಮನಸ್ಸು ತಿರುಗುತ್ತದೆ. ತಾನು ಮಾಡಿದ್ದೇನೆಂಬುದು ಅವನಿಗೆ ಹೊಳೆಯುವುದು ಆ ಕ್ಷಣದಲ್ಲಿ. ಯುದ್ಧದಲ್ಲಿ ರಾಮನನ್ನು ಗೆದ್ದ ಮೇಲೆ ಆಕೆಯನ್ನು ಒಪ್ಪಿಸಿಬಿಡುವೆನೆಂದು ನಿಶ್ಚಯಿಸುತ್ತಾನೆ. ಅಭಿಮಾನ ಅಲ್ಲಿಯೂ ಬಿಡಲಿಲ್ಲ, ಒಪ್ಪಿಸುವ ಮುನ್ನ ಸತ್ತ.

ಇಲ್ಲಿ ನಡೆದದ್ದೇನು? ಕವಿ ಅಪಹರಿಸಿದವನಿಗೆ ತನ್ನ ಕರುಣೆಯನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಆದರೆ ಆ ಕರುಣೆಯ ಬೆಲೆಯನ್ನು ಸೀತೆಯಿಂದ ವಸೂಲು ಮಾಡಿಲ್ಲ. ರಾವಣನ ಅಂತರಂಗ ಎಷ್ಟೇ ಮನೋಹರವಾಗಿ ತೆರೆದುಕೊಂಡರೂ ಸೀತೆಯ ‘ಒಲ್ಲೆ’ ಕೊನೆಯವರೆಗೂ ಒಲ್ಲೆಯಾಗಿಯೇ ಉಳಿಯುತ್ತದೆ. ಹೇಡಿಸನ ಹೊಸ ಕಥೆಗಾರರಿಗೆ ಸಾಧ್ಯವಾಗದೆ ಹೋದದ್ದು ಇದು. ಅವರಿಗೆ ಹೇಡಿಸನ ಮೇಲೆ ಮರುಕ ಹುಟ್ಟಿತು. ಒಡನೆಯೇ, ಅವನು ಮರುಕಕ್ಕೆ ಅರ್ಹನಾಗಬೇಕಾದರೆ ಆಕೆ ಅವನನ್ನು ಪ್ರೀತಿಸಿರಲೇಬೇಕೆಂದು ತೀರ್ಮಾನಿಸಿದರು. ಹೀಗೆ ಹೆಣ್ಣಿನ ಬಾಯಿಂದಲೇ ಒಪ್ಪಿಗೆಯನ್ನು ಹಿಂದಿನ ದಿನಾಂಕ ಹಾಕಿ ಬರೆಸಿಕೊಂಡಂತಾಯಿತು. ಉತ್ತಮ ಪುರುಷದಲ್ಲಿ ‘ನಾನು’ ಎಂದು ಆಕೆ ಮಾತನಾಡುತ್ತಾಳೆ, ನಿಜ. ಜಲಸಂಗಿಯ ಸುಂದರಿಯೂ ತನ್ನ ಕೈಯಿಂದಲೇ ಬರೆಯುತ್ತಿದ್ದಾಳೆ.

ಇದನ್ನು ಬರಿಯ ಸಾಹಿತ್ಯದ ಚರ್ಚೆಯೆಂದು ನಾನು ಭಾವಿಸಿಲ್ಲ. ನಮ್ಮ ಈ ಬೀದರ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಇಲ್ಲಿನ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಏನಾಯಿತೆಂಬುದನ್ನು ಹಿರಿಯರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಅನಂತರ ಮುಸಲ್ಮಾನರ ಮನೆಗಳ ಹೆಣ್ಣುಮಕ್ಕಳಿಗೆ ಏನಾಯಿತೆಂಬುದನ್ನು ಅಷ್ಟನ್ನೂ ಹೇಳುತ್ತಿರಲಿಲ್ಲ. ಪಂಡಿತ ಸುಂದರಲಾಲರ ಸಮಿತಿಯ ವರದಿ ಅದನ್ನು ದಾಖಲಿಸಿತು, ಹೆಚ್ಚು ಪೀಡಿತವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು, ಮತ್ತು ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ನನ್ನ ಬಾಲ್ಯದಲ್ಲಿ ಮನೆಯ ಹಿರಿಯರು ಅಂಥ ಒಬ್ಬಾಕೆಯ ಮಾತು ಬಂದಾಗ “ಅಲ್ಲೇ ಹೊಂದಿಕೊಂಡಳಂತ” ಎಂದು ಮಾತು ಮುಗಿಸುತ್ತಿದ್ದರು. ಕೇಳಿದವರಿಗೆಲ್ಲ ಒಂದು ನಿಟ್ಟುಸಿರಿನ ನೆಮ್ಮದಿ. ಹೊಂದಿಕೊಂಡಳೋ, ಹೋಗಲು ಬೇರೆ ಮನೆಯಿಲ್ಲದೆ ಉಳಿದಳೋ, ಆಕೆಯನ್ನು ಯಾರೂ ಕೇಳಿರಲಿಲ್ಲ. ಪಾತಾಳದಲ್ಲಿ ಪರ್ಸಿಫೊನೆ ಸುಖವಾಗಿದ್ದಳೆಂಬ ಕಥೆಯನ್ನು ಓದುವಾಗ ನನ್ನ ಕಿವಿಯಲ್ಲಿ ಆ ಮಾತು ಮೊಳಗಿತು. ಇಂದಿಗೂ ಹೊತ್ತೊಯ್ದವನಿಗೇ ಹುಡುಗಿಯನ್ನು ಕಟ್ಟಿ ‘ರಾಜಿ’ ಮಾಡಿಸುವ ಹಿರಿಯರು ನಮ್ಮ ನಡುವೆ ಇಲ್ಲವೆನ್ನಲಾರೆ. ಧರ್ಮಶಾಸ್ತ್ರಕಾರರು ಬಲಾತ್ಕಾರದ ಅಪಹರಣವನ್ನು ವಿವಾಹಗಳ ಪಟ್ಟಿಯಲ್ಲಿ ಸೇರಿಸಿದ್ದು ತಪ್ಪೇ ಇರಬಹುದು. ಆದರೆ ಅದಕ್ಕೆ ‘ರಾಕ್ಷಸ’ವೆಂದು ಹೆಸರಿಡುವಷ್ಟು ಪ್ರಾಮಾಣಿಕತೆ ಅವರಿಗಿತ್ತು.

ಇಷ್ಟಕ್ಕೆ ನಿಲ್ಲಿಸಿದರೆ ನಾನು ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಏಕೆಂದರೆ ನನ್ನ ಸೊಸೆ ಒಡನೆಯೇ ತಿರುಗಿ ಕೇಳಿದ್ದು ಅಮೃತಮತಿಯ ವಿಷಯ.

‘ಯಶೋಧರಚರಿತೆ’ಯನ್ನು ನಾನು ಅನೇಕ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಸೋಮದೇವಸೂರಿಯ ‘ಯಶಸ್ತಿಲಕ’ (ಕ್ರಿ.ಶ. 959), ಚಾಳುಕ್ಯ ಜಯಸಿಂಹನ ಕಾಲದ ವಾದಿರಾಜನ ಸಂಸ್ಕೃತ ಕಾವ್ಯ, ಆ ಬಳಿಕ 1209ರಲ್ಲಿ ಜನ್ನನ ಕನ್ನಡ ಕಾವ್ಯ: ಒಂದೇ ಕಥೆ ಕೈಯಿಂದ ಕೈಗೆ ಸಾಗಿ ಬಂದಿದೆ. ಮಾವುತನ ಹಾಡು ಕೇಳಿ ರಾಣಿ ಸೋಲುತ್ತಾಳೆ. ಅವನ ರೂಪ ಕಂಡುಬಂದ ಸಖಿ ಹೇಸಿದರೂ ಆಕೆಯ ಮನಸ್ಸು ಹಿಂದೆಗೆಯುವುದಿಲ್ಲ. ಕಣ್ಣಾರೆ ಕಂಡ ಅರಸ ಕತ್ತಿಯನ್ನು ತಡೆಹಿಡಿಯುತ್ತಾನೆ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಾಣಿ ತಾಯಿಗೂ ಮಗನಿಗೂ ವಿಷವಿಕ್ಕುತ್ತಾಳೆ. ಈ ಕಥೆಯ ನಡುವೆ, ಮಾವುತನ ವಿಕಾರರೂಪದ ವರ್ಣನೆ ಬಂದಾಗ, ನಾನು ತರಗತಿಯನ್ನು ನಗಿಸುತ್ತಿದ್ದೆ. ಹುಡುಗರು ನಗುತ್ತಿದ್ದರು; ಹುಡುಗಿಯರು ಪುಸ್ತಕದ ಮೇಲೆ ತಲೆ ತಗ್ಗಿಸುತ್ತಿದ್ದರು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಅರಸನ ಪೂರ್ವಾಪರಗಳೆಲ್ಲ ಜನ್ಮಜನ್ಮಾಂತರದವರೆಗೆ ತಿಳಿಯುತ್ತವೆ, ಈಕೆಯ ಮನಸ್ಸಿನಲ್ಲಿ ಹಾಡು ಕೇಳುವ ಮುನ್ನ ಏನಿತ್ತೆಂದು ಕವಿ ಏಕೆ ಹೇಳುವುದಿಲ್ಲ ಎಂದು ಕೇಳಿದಳು. ಪರೀಕ್ಷೆಗೆ ಬಾರದ ಪ್ರಶ್ನೆ ಬೇಡವೆಂದು ಕೂರಿಸಿದೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನಿವೃತ್ತನಾಗಬೇಕಾಯಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980). ಅದರಲ್ಲಿ ರಾಣಿಗೆ ತನ್ನದೇ ಆದ ನೋವಿದೆ, ನಾಚಿಕೆಯಿಲ್ಲದ ನೇರವಾದ ಮಾತಿದೆ, ಅಹಿಂಸೆಯ ವಿಷಯದಲ್ಲಿ ಅರಸನಿಗಿಂತ ಗಟ್ಟಿಯಾದ ನಿಲುವಿದೆ. ಮಾವುತನೊಡನೆ ಕಳೆದ ರಾತ್ರಿಯನ್ನು ನಾಟಕಕಾರರು ಮಹಾಪ್ರೇಮವೆಂದು ಬಣ್ಣಿಸಲಿಲ್ಲ. ಪಾಪವೆಂದು ಮುದ್ರೆಯೊತ್ತಲೂ ಇಲ್ಲ. ನಮ್ಮ ಸಮಾಜದ ಕೆಲವರಿಗೆ ಆ ನಾಟಕ ಹಿಡಿಸದಿರಬಹುದು. ವಿಷವಿಕ್ಕಿದ ಪ್ರಸಂಗವನ್ನು ಬಿಟ್ಟು ರಾಣಿಯನ್ನು ಹಗುರಗೊಳಿಸಿದರೆಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಕಥೆಯ ತಿರುಳಾದ ಸಂಕಲ್ಪಹಿಂಸೆಯ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ. ಹಿಟ್ಟಿನ ಕೋಳಿಯನ್ನು ಕಡಿದರೆ ರಕ್ತ ಬಾರದು. ಕಡಿಯುವ ಮನಸ್ಸು ಮಾತ್ರ ನಿಜವಾದ ಕೋಳಿಯನ್ನು ಕಡಿಯುವ ಮನಸ್ಸೇ.

ಈ ಹಿಟ್ಟಿನ ಕೋಳಿಯೇ ನನಗೆ ವಿಮರ್ಶೆಯ ಒಂದು ಅಳತೆಗೋಲಾಗಿ ಒದಗಿತು. ‘ಇದು ಬರಿಯ ಕಥೆ, ಕಲ್ಪನೆಯಷ್ಟೆ, ಯಾರಿಗೇನು ನೋವು’ ಎಂಬುದು ಪ್ರೇಮಕಥನಗಳ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ. ಚಂದ್ರಮತಿಯೂ ಮಗನಿಗೆ ಹೇಳಿದ್ದು ಇದನ್ನೇ: ಬರಿಯ ಹಿಟ್ಟಲ್ಲವೆ? ಹೊತ್ತೊಯ್ಯುವುದನ್ನು ರಮ್ಯವಾಗಿ ಕಲ್ಪಿಸಿಕೊಂಡು ಸವಿಯುವ ಮನಸ್ಸು ತಾನೇನೂ ಮಾಡಿಲ್ಲವೆಂದು ಹೇಳಿಕೊಳ್ಳಬಹುದು. ಆದರೆ ಸವಿದದ್ದಂತೂ ಸುಳ್ಳಲ್ಲ. ಇದೇ ಕೋಲಿನಿಂದ ನನ್ನನ್ನೂ ಅಳೆಯಬೇಕು. ತರಗತಿಯಲ್ಲಿ ನಾನು ನಗಿಸಿದ್ದು ಕಾವ್ಯದೊಳಗಿನ ರಾಣಿಯನ್ನು ಕುರಿತು, ಹಿಟ್ಟಿನ ರಾಣಿಯನ್ನು ಕುರಿತು. ತಲೆ ತಗ್ಗಿಸಿದವರು ಹಿಟ್ಟಿನಿಂದಾದವರಾಗಿರಲಿಲ್ಲ.

ಎಲ್ಲ ಹೊಸ ಕಥನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಪ್ಯಾಟ್ ಬಾರ್ಕರರ ‘ದ ಸೈಲೆನ್ಸ್ ಆಫ್ ದ ಗರ್ಲ್ಸ್’ (2018) ಟ್ರಾಯ್ ಯುದ್ಧದ ಸೆರೆಯಾಳು ಬ್ರೈಸೀಯಿಸಳ ಕಥೆ. ತನ್ನ ಗಂಡನನ್ನೂ ಒಡಹುಟ್ಟಿದವರನ್ನೂ ಕೊಂದ ಅಕಿಲೀಸನ ಹಾಸಿಗೆಗೆ ಆಕೆ ಹೋಗಬೇಕಾಗುತ್ತದೆ. ಹೋಮರನ ‘ಇಲಿಯಡ್’ನಲ್ಲಿ ಇಬ್ಬರು ವೀರರ ಜಗಳಕ್ಕೆ ಕಾರಣಳಾದ ಈಕೆ ಬಾಯಿ ತೆರೆಯುವುದು ಒಂದೇ ಸಲ, ಪೆಟ್ರೊಕ್ಲಸನ ಹೆಣದ ಮೇಲೆ ಬಿದ್ದು ಅಳುವಾಗ. ಬಾರ್ಕರ್ ಇಲ್ಲಿ ಪ್ರೇಮವನ್ನು ತಂದು ಹಚ್ಚಿಲ್ಲ. ಮಾರ್ಗರೆಟ್ ಅಟ್‌ವುಡ್ಡರ ‘ದ ಪೆನೆಲೊಪಿಯಡ್’ (2005) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ನನಗೆ ತೋರುತ್ತದೆ. ಕಥೆ ಹೇಳುವವಳು ಒಡಿಸಿಯಸನ ಪತ್ನಿ ಪೆನೆಲೊಪಿ. ಆದರೆ ಒಡಿಸಿಯಸ್ ಮರಳಿ ಬಂದ ದಿನ ನೇಣಿಗೇರಿದ ಹನ್ನೆರಡು ಮಂದಿ ದಾಸಿಯರು ನಡುನಡುವೆ ಮೇಳವಾಗಿ ಎದ್ದು ಬಂದು ಒಡತಿಯ ಮಾತನ್ನೇ ಪ್ರಶ್ನಿಸುತ್ತಾರೆ. ರಾಣಿಯ ದೃಷ್ಟಿಯೆಂದರೆ ಹೆಣ್ಣಿನ ದೃಷ್ಟಿಯೆಂದು ನಂಬಿ ಕುಳಿತ ಓದುಗ ಬೆಚ್ಚಿಬೀಳುತ್ತಾನೆ. ಯಶೋಧರನ ಕಥೆಯ ಆ ಸಖಿಯನ್ನು, ಒಡತಿಗಾಗಿ ಗಜಶಾಲೆಗೆ ಹೋಗಿ ಬಂದವಳನ್ನು, ಇದುವರೆಗೆ ಯಾರೂ ಮಾತನಾಡಿಸಿಲ್ಲ.

ಅನೇಕಾಂತವನ್ನು ಮುಂದಿಟ್ಟು ‘ಇದೂ ಒಂದು ದೃಷ್ಟಿ, ಅದೂ ಒಂದು ದೃಷ್ಟಿ’ ಎಂದು ಜಾರಿಕೊಳ್ಳುವ ಅಭ್ಯಾಸ ನಮ್ಮವರಲ್ಲಿದೆ. ಸಿದ್ಧಸೇನ ದಿವಾಕರರು ‘ಸನ್ಮತಿತರ್ಕ’ದಲ್ಲಿ ಹೇಳಿದ್ದು ಅಷ್ಟು ಸುಲಭವಾದುದಲ್ಲ. ಪ್ರತಿಯೊಂದು ನಯವೂ ತನ್ನ ಎಲ್ಲೆಯೊಳಗೆ ಸತ್ಯ. ಇತರ ನಯಗಳನ್ನು ಅಲ್ಲಗಳೆದು ತಾನೊಂದೇ ಪೂರ್ಣವೆಂದು ನಿಂತ ಕ್ಷಣ ಅದು ಕೆಡುತ್ತದೆ. ಹೇಡಿಸನ ಪ್ರೇಮಕಥೆಯಲ್ಲಿ ಪರ್ಸಿಫೊನೆಯ ಹೊಸ ‘ನಾನು’ ತಾಯಿಯ ಶೋಕವನ್ನು ನುಂಗಿತು. ಅಟ್‌ವುಡ್ಡರ ಕೃತಿಯಲ್ಲಿ ‘ನಾನು’ ಎಂಬುದು ತನ್ನ ಎಲ್ಲೆಯನ್ನು ತಾನೇ ತೋರಿಸಿಕೊಂಡಿತು.

ಮ್ಯಾಡಲೀನ್ ಮಿಲ್ಲರರ ‘ಸರ್ಸಿ’ (2018) ಈ ಗುಂಪಿನಲ್ಲಿ ನನಗೆ ಬಹಳ ಹಿಡಿಸಿದ ಕೃತಿ, ಹಿಡಿಸಿದ ಕಾರಣ ಬಹುಶಃ ಲೇಖಕಿ ಉದ್ದೇಶಿಸಿದ್ದಲ್ಲ. ಸರ್ಸಿ ಸೂರ್ಯದೇವನ ಮಗಳು, ಅಮರಳು. ದ್ವೀಪವೊಂದರಲ್ಲಿ ಒಂಟಿಯಾಗಿರುವ ಮಾಟಗಾತಿ. ತನ್ನ ಮೇಲೆ ಬಲಾತ್ಕಾರವಾದ ಮೇಲೆ ಬಂದ ನಾವಿಕರನ್ನೆಲ್ಲ ಹಂದಿಗಳನ್ನಾಗಿ ಮಾಡುತ್ತಾಳೆ. ನವಿಲಾಗಿ, ನಾಯಾಗಿ, ಆಡಾಗಿ ಅಲೆಯುವ ಯಶೋಧರ ಚಂದ್ರಮತಿಯರ ಭವಾವಳಿಯನ್ನು ಓದಿದವರಿಗೆ ತಿರ್ಯಗ್ಗತಿ ಹೊಸದಲ್ಲ. ಆದರೆ ಹಂದಿಯಾದವರ ಒಳಗು ಏನಾಯಿತೆಂದು ಸರ್ಸಿ ಹೆಚ್ಚಾಗಿ ಕೇಳಿಕೊಳ್ಳುವುದಿಲ್ಲ. ಅದು ಆ ಕಾದಂಬರಿಯ ಕುಂದು. ಕೊನೆಯಲ್ಲಿ ಆಕೆ ಅಮರತ್ವವನ್ನು ಬಿಟ್ಟು ಮನುಷ್ಯಳಾಗಲು ಹೊರಡುತ್ತಾಳೆ. ದೇವಗತಿಯಲ್ಲಿ ಸುಖವುಂಟು, ವ್ರತಕ್ಕೆ ಅವಕಾಶವಿಲ್ಲ. ಬಿಡುಗಡೆಯ ಬಾಗಿಲು ಇರುವುದು ಮನುಷ್ಯಜನ್ಮದಲ್ಲಿ ಮಾತ್ರ ಎಂಬುದನ್ನು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಈ ಪುಟಗಳು ಎಲ್ಲಿಯೋ ಒಳಗೆ ತಾಗುತ್ತವೆ. ಸರ್ಸಿ ಅದನ್ನು ಒಬ್ಬ ಪುರುಷನೊಡನೆ ಮುಪ್ಪಾಗಿ ಬಾಳುವ ಆಸೆಯಿಂದ ಮಾಡುತ್ತಾಳೆ. ಪ್ರೇಮಕಥನದ ಚೌಕಟ್ಟಿಗೆ ಇದಕ್ಕಿಂತ ಬೇರೆ ಮುಕ್ತಾಯ ತಿಳಿಯದು. ಹೆಣ್ಣು ತನ್ನ ಕಥೆಯನ್ನು ತಾನೇ ಹೇಳಿದರೂ ಕೊನೆಯ ಪುಟದಲ್ಲಿ ಒಬ್ಬ ಗಂಡು ಕಾದಿರಬೇಕು.

ನಮ್ಮ ಪರಂಪರೆಯ ಪುರಾಣಸ್ತ್ರೀಯರಿಗೆ ಈ ಕಟ್ಟು ಇರಲಿಲ್ಲ. ‘ಪಉಮಚರಿಯ’ದಿಂದ ಹರಿದುಬಂದ ರಾಮಕಥೆಯಲ್ಲಿ ಸೀತೆ ಅಗ್ನಿದಿವ್ಯದಲ್ಲಿ ಗೆದ್ದ ಮೇಲೆ ರಾಮ ಮರಳಿ ಬಾ ಎನ್ನುತ್ತಾನೆ. ಆಕೆ ಒಲ್ಲೆನೆಂದು ಕೂದಲನ್ನು ಕಿತ್ತು ದೀಕ್ಷೆ ತೊಡುತ್ತಾಳೆ. ರಾವಣನಿಗೆ ಹೇಳಿದ ಒಲ್ಲೆಯನ್ನು ಹೇಳಲು ಬೇಕಾದ ಬಲಕ್ಕಿಂತ ರಾಮನಿಗೆ ಹೇಳಿದ ಒಲ್ಲೆಗೆ ಹೆಚ್ಚಿನ ಬಲ ಬೇಕೆಂದು ನನಗೆ ಅನ್ನಿಸಿದೆ. ಇನ್ನು ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನಸೂತ್ರ’ದ ಇಪ್ಪತ್ತೆರಡನೆಯ ಅಧ್ಯಯನದಲ್ಲಿ ರಾಜೀಮತಿ ಬರುತ್ತಾಳೆ. ಮದುವೆಯ ದಿಬ್ಬಣದಿಂದಲೇ ನೇಮಿನಾಥ ಹಿಂದಿರುಗಿದ. ನಾಕ್ಸೋಸ್ ದ್ವೀಪದಲ್ಲಿ ಥೀಸಿಯಸ್ ಬಿಟ್ಟುಹೋದ ಅರಿಯಾಡ್ನೆಯಂತೆ ಇವಳೂ ಬಿಡಲ್ಪಟ್ಟವಳು. ರೋಮನ್ ಕವಿ ಓವಿಡ್ ಅರಿಯಾಡ್ನೆಯ ಬಾಯಿಂದ ಎರಡು ಸಾವಿರ ವರ್ಷಗಳ ಹಿಂದೆಯೇ ವಿರಹಪತ್ರ ಬರೆಸಿದ. ಹೊಸ ಕಾದಂಬರಿಗಳು ಅದರ ಸಂತತಿ. ರಾಜೀಮತಿ ಬರೆದದ್ದು ಪತ್ರವಲ್ಲ. ಮಳೆಯಲ್ಲಿ ನೆನೆದು ಗುಹೆ ಹೊಕ್ಕ ಆಕೆಯನ್ನು ಕಂಡು ಮನಸ್ಸು ಕೆಟ್ಟ ಮುನಿ ರಥನೇಮಿಯನ್ನು ಆಕೆ ಕಟುವಾಗಿ ಗದರಿಸಿ ದಾರಿಗೆ ತರುತ್ತಾಳೆ. ಆದರೆ ಇದನ್ನು ಹೇಳಿ ಹೆಮ್ಮೆಪಡುವ ಮುನ್ನ ಇನ್ನೊಂದನ್ನೂ ಹೇಳಬೇಕು. ಸನ್ಯಾಸಿನಿಯಾಗಿ ಹೊರಟವಳಿಗೆ ನಮ್ಮ ಕವಿಗಳು ಮಾತು ಕೊಟ್ಟರು. ಮನೆಯಲ್ಲಿ ಉಳಿದು ಬಯಸಿದವಳಿಗೆ ಅಮೃತಮತಿಯ ನರಕವನ್ನು ಕೊಟ್ಟರು. ಇವೆರಡರ ನಡುವೆ ಬಾಳುವ ಹೆಣ್ಣು ಗ್ರೀಕ್ ಕಥೆಗಳನ್ನು ತರಿಸಿಕೊಂಡು ಓದಿದರೆ ಆಶ್ಚರ್ಯವೇನು?

ನಾನು ವಾಸವಾಗಿರುವ ಬಸವಕಲ್ಯಾಣದಲ್ಲಿಯೇ ಅಂಥ ಒಬ್ಬಳ ಕಥೆ ಬಿದ್ದಿದೆ. ಕರಹಾಟದ ಶಿಲಾಹಾರರ ಮಗಳು ಚಂದಲದೇವಿ ಆರನೆಯ ವಿಕ್ರಮಾದಿತ್ಯನನ್ನು ವರಿಸಿದ್ದನ್ನು ಕಾಶ್ಮೀರದಿಂದ ಬಂದ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಬಣ್ಣಿಸಿದ್ದಾನೆ. 1874ರಲ್ಲಿ ಬ್ಯೂಲರ್ ಎಂಬ ವಿದ್ವಾಂಸ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ಹಸ್ತಪ್ರತಿಯನ್ನು ಕಾಣದಿದ್ದರೆ ಆ ಕಾವ್ಯ ನಮಗೆ ದಕ್ಕುತ್ತಿರಲಿಲ್ಲ. ಒಂದು ಸರ್ಗದ ತುಂಬ ಆಕೆಯ ಅಂಗಾಂಗಗಳ ವರ್ಣನೆಯಿದೆ, ಇನ್ನೊಂದರಲ್ಲಿ ಸ್ವಯಂವರ. ಆಕೆಯ ಮನಸ್ಸಿಗೆ ಇರುವ ಕೆಲಸ ವಿರಹಪಡುವುದೊಂದೇ. ಅದೇ ಅರಸನ ರಾಣಿಯರು ಅಗ್ರಹಾರಗಳನ್ನು ಆಳಿದರೆಂದೂ ದತ್ತಿ ಬಿಟ್ಟರೆಂದೂ ಶಾಸನಗಳು ಹೇಳುತ್ತವೆ. ಅದೇ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆಯುತ್ತ, ಸ್ತ್ರೀಧನವೆಂದರೆ ತವರಿನವರು ಕೊಟ್ಟ ಉಡುಗೊರೆಯಷ್ಟೇ ಅಲ್ಲ, ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಬಂದುದೂ ಆಕೆಯದೇ ಎಂದು ವ್ಯಾಖ್ಯಾನಿಸಿದ. ಹೆಣ್ಣಿನದು ಯಾವುದು ಎಂಬ ಪ್ರಶ್ನೆಗೆ ಕವಿಗಿಂತ ವ್ಯಾಖ್ಯಾನಕಾರ ಹತ್ತಿರ ಹೋಗಿದ್ದಾನೆ.

ಸೊಸೆಗೆ ಇದನ್ನೆಲ್ಲ ಹೇಳಿದೆ. ಚಂದಲದೇವಿಯನ್ನು ಕುರಿತು ತಾನೇ ಬರೆಯುವೆನೆಂದಳು. ಸ್ವಯಂವರದಿಂದ ಆರಂಭಿಸಬೇಡ, ದತ್ತಿಶಾಸನದಿಂದ ಆರಂಭಿಸು ಎಂದೆ. “ನೋಡೋಣ್ರಿ ಮಾಮಾ, ಆಕಿಗೆ ಅರಸ ಖರೇನೇ ಸೇರಿದ್ದರ?” ಎಂದು ಕೇಳಿದಳು. ಸೇರಿದ್ದರೆ ಹಾಗೆಯೇ ಬರೆ ಎಂದೆ. ನನ್ನ ಹಳೆಯ ‘ಯಶೋಧರಚರಿತೆ’ಯ ಪ್ರತಿಯನ್ನು, ಅಂಚಿನಲ್ಲಿ ತರಗತಿಯನ್ನು ನಗಿಸಲೆಂದು ನಾನು ಹಾಕಿಕೊಂಡಿದ್ದ ಗುರುತುಗಳ ಸಮೇತ, ಆಕೆ ಹುಮನಾಬಾದಿಗೆ ಒಯ್ದಿದ್ದಾಳೆ.